ಡ್ಯಾಶ್‌ಬೋರ್ಡಿನಲ್ಲಿ ಗುರಿ ಎಷ್ಟು ಮುಟ್ಟಿತು ಎಂದು ತೋರಿಸಲು ಯಾವ ಚಾರ್ಟ್? ಕೃಷಿಕರ ಕೂಟದ ಕಚೇರಿಗೆ ಸಲಹೆ ಬೇಕು

ಪೆರ್ಲದ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ನಮ್ಮದು ಎಣ್ಮಕಜೆ ಕಡೆಯ ಸಣ್ಣ ಕೃಷಿಕರ ಕೂಟ. ಈ ವರ್ಷಕ್ಕೆ ಐದು ಗುರಿ ಇಟ್ಟುಕೊಂಡಿದ್ದೇವೆ. ತೋಡಿಗೆ ಕಟ್ಟ (ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು) ಕಟ್ಟಿಸುವುದು, ಸದಸ್ಯರ ಅಡಿಕೆ ತೋಟಗಳಿಗೆ ಹೊತ್ತಿಗೆ ಸರಿಯಾಗಿ ಬೋರ್ಡೋ (ಮೈಲುತುತ್ತು-ಸುಣ್ಣದ ಮದ್ದು) ಬಿಡಿಸುವುದು, ಉಳಿತಾಯ ನಿಧಿ ಬೆಳೆಸುವುದು, ಆ ನಿಧಿಯಿಂದ ಕೊಟ್ಟ ಕೈಸಾಲದ ಬಾಕಿ ಇಳಿಸುವುದು, ಮತ್ತೆ ಕೂಟಕ್ಕೇ ಒಂದು ಪವರ್ ಸ್ಪ್ರೇಯರ್ ತರುವುದು. ಲೆಕ್ಕ ಎಲ್ಲ ಗೂಗಲ್ ಶೀಟ್ಸ್‌ನಲ್ಲಿ ಉಂಟು. ಕಚೇರಿಯ ಟಿವಿಯಲ್ಲಿ ಅದನ್ನು ಒಂದೇ ಪರದೆಯಲ್ಲಿ ತೋರಿಸಬೇಕೆಂದು ಸಮಿತಿಯವರ ಆಸೆ.

ಈಗ ಐದಕ್ಕೂ ಗೇಜ್ ಹಾಕಿದ್ದೇನೆ, ಬೈಕಿನ ಮೀಟರ್ ಹಾಗೆ ಅರ್ಧ ವೃತ್ತ, ಒಂದು ಮುಳ್ಳು. ನೋಡಲಿಕ್ಕೆ ಚಂದ ಉಂಟು. ಆದರೆ ಕಳೆದ ಮೀಟಿಂಗಿನಲ್ಲಿ ಹಿರಿಯ ಸದಸ್ಯರೊಬ್ಬರು "ಶೇಕಡಾ 62 ಅಂದರೆ ನಾವು ಮುಂದೆ ಇದ್ದೇವೋ ಹಿಂದೆ ಇದ್ದೇವೋ?" ಎಂದು ಕೇಳಿದರು. ಆ ಪ್ರಶ್ನೆಗೆ ಪರದೆಯಲ್ಲಿ ಉತ್ತರ ಇರಲಿಲ್ಲ. ಯಾವ ಗುರಿಗೆ ಯಾವ ಚಾರ್ಟ್ ಹೊಂದುತ್ತದೆ, ತಿಳಿದವರು ಹೇಳಬೇಕು.

ಕುಂಬಳೆ ಡೇಟಾ

ಆ ಹಿರಿಯರು ಕೇಳಿದ್ದೇ ಮುಖ್ಯ ಪ್ರಶ್ನೆ. ಚಾರ್ಟ್ ಆರಿಸುವುದು ಅಲ್ಲಿಂದ ಶುರುವಾಗಬೇಕು. ಗುರಿಯ ಪರದೆಯಲ್ಲಿ ಮೂರು ಸಂಗತಿ ಒಟ್ಟಿಗೆ ಕಾಣಬೇಕು: ಆದದ್ದೆಷ್ಟು, ಆಗಬೇಕಾದ್ದು ಎಷ್ಟು, ಮತ್ತೆ ಇವತ್ತಿನ ತಾರೀಕಿಗೆ ಎಷ್ಟಾಗಿರಬೇಕಿತ್ತು. ಗೇಜ್ ಮೊದಲಿನ ಎರಡನ್ನು ಹೇಗೋ ಹೇಳುತ್ತದೆ, ಮೂರನೆಯದನ್ನು ಬಿಟ್ಟುಬಿಡುತ್ತದೆ. ಏಪ್ರಿಲ್‌ನಲ್ಲಿ ಶುರುವಾದ ವರ್ಷದಲ್ಲಿ ಶೇಕಡಾ 62 ಅಕ್ಟೋಬರಿನಲ್ಲಿ ಬಂದರೆ ನೆಮ್ಮದಿ, ಫೆಬ್ರವರಿಯಲ್ಲಿ ಬಂದರೆ ಆತಂಕ. ಎರಡೂ ದಿನ ಮುಳ್ಳು ಇರುವ ಜಾಗ ಒಂದೇ.

ಗೇಜಿನ ಇನ್ನೊಂದು ತೊಂದರೆ ನಮ್ಮ ಕಣ್ಣಿಗೆ ಸಂಬಂಧಿಸಿದ್ದು. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಇವತ್ತಿಗೂ ಅಡಿಪಾಯ. ಒಂದೇ ಅಳತೆಗೆರೆಯ ಮೇಲೆ ಎರಡು ಗುರುತು ಎಲ್ಲೆಲ್ಲಿವೆ ಎಂದು ಹೋಲಿಸುವುದರಲ್ಲಿ ಮನುಷ್ಯರು ಹೆಚ್ಚು ನಿಖರ. ಉದ್ದ, ಕೋನ ಅದರ ನಂತರ. ವಿಸ್ತೀರ್ಣ ಇನ್ನೂ ಕಷ್ಟ, ಬಣ್ಣದ ಗಾಢತೆಯಿಂದ ಪ್ರಮಾಣ ಊಹಿಸುವುದು ಎಲ್ಲಕ್ಕಿಂತ ಕಷ್ಟ. ಗೇಜ್‌ನಲ್ಲಿ ಕೋನ ಓದಬೇಕು, ಪಟ್ಟಿಯಲ್ಲಿ ತುದಿ ಎಲ್ಲಿದೆ ಎಂದು ನೋಡಿದರೆ ಸಾಕು. ಐದು ಗೇಜ್ ಸಾಲಾಗಿ ಇಟ್ಟರೆ ಒಂದನ್ನೊಂದು ಹೋಲಿಸಲು ಕಣ್ಣು ಹಾರುತ್ತಲೇ ಇರಬೇಕು. ಜಾಗವೂ ಸುಮ್ಮನೆ ಹೋಗುತ್ತದೆ.

ಇದಕ್ಕೆ ಪರ್ಯಾಯವಾಗಿ ಸ್ಟೀಫನ್ ಫ್ಯೂ ಬುಲೆಟ್ ಗ್ರಾಫ್ ರೂಪಿಸಿದರು. ಒಂದು ಅಡ್ಡ ಪಟ್ಟಿ, ಅದು ಆದಷ್ಟು ಕೆಲಸ. ಅದನ್ನು ಕತ್ತರಿಸುವ ಒಂದು ಸಣ್ಣ ಲಂಬ ಗೆರೆ, ಅದು ಗುರಿ. ಹಿಂದೆ ಗಾಢ, ನಡು, ತೆಳು ಛಾಯೆಯ ಮೂರು ಹಿನ್ನೆಲೆ, ಸಾಲದು, ಪರವಾಗಿಲ್ಲ, ಒಳ್ಳೆಯದು ಎನ್ನಲಿಕ್ಕೆ. ಐದು ಗುರಿಯನ್ನು ಒಂದರ ಕೆಳಗೊಂದು ಜೋಡಿಸಿದರೆ ಅಂಗೈಯಷ್ಟು ಜಾಗ ಸಾಕು. ಗುರಿ ದಾಟಿ ಹೋದರೂ ಪಟ್ಟಿ ಗೆರೆಯ ಆಚೆ ಹೋಗಿ ತೋರಿಸುತ್ತದೆ. ಗೇಜ್‌ನಲ್ಲಿ ಶೇಕಡಾ 100 ಆದ ಮೇಲೆ ಮುಳ್ಳಿಗೆ ಹೋಗಲು ಜಾಗ ಇಲ್ಲ.

ಬದಿಯಡ್ಕದ ಗಣಿತ ಮಾಷ್ಟ್ರು

ಕುಂಬಳೆಯವರು ಹೇಳಿದ್ದು ಸರಿ. ಆದರೆ ಐದು ಗುರಿಗೂ ಬುಲೆಟ್ ಗ್ರಾಫ್ ಎಂದು ಹೊರಟರೆ, ಐದಕ್ಕೂ ಗೇಜ್ ಹಾಕಿದಾಗ ಆದ ತೊಂದರೆಯೇ ಮತ್ತೆ ಬರುತ್ತದೆ. ಕಾರ್ಯದರ್ಶಿಗಳೇ, ನಿಮ್ಮ ಐದು ಗುರಿಗಳ ಜಾತಿ ಬೇರೆ ಬೇರೆ.

ಉಳಿತಾಯ ನಿಧಿ ಕೂಡುತ್ತಾ ಹೋಗುವಂಥದ್ದು. ಪ್ರತಿ ತಿಂಗಳದ್ದು ಹಿಂದಿನದರ ಮೇಲೆ ಸೇರುತ್ತದೆ. ಸಾಲದ ಬಾಕಿ ಇಳಿಯಬೇಕಾದ್ದು, ಆದರೆ ಒಂದು ಕಡೆ ತೀರುತ್ತಿರುವಾಗ ಇನ್ನೊಂದು ಕಡೆ ಹೊಸ ಕಂತು ತಪ್ಪಿ ಸೇರುತ್ತಿರುತ್ತದೆ. ಬೋರ್ಡೋ ಬಿಡುವುದು ಪ್ರತಿ ತೋಟಕ್ಕೆ ಆಯಿತು ಅಥವಾ ಆಗಲಿಲ್ಲ. ಸ್ಪ್ರೇಯರ್ ತರುವುದು ಹಂತ ಹಂತದ ಕೆಲಸ: ಕೊಟೇಶನ್, ಸಮಿತಿ ಒಪ್ಪಿಗೆ, ಆರ್ಡರ್, ಕೈಗೆ ಬಂದದ್ದು. ಅರ್ಧ ಸ್ಪ್ರೇಯರ್ ಎಂಬುದು ಇಲ್ಲ, ಹಾಗಾಗಿ ಅದಕ್ಕೆ ಶೇಕಡಾ ಹಾಕಲೇಬೇಡಿ. ನಾಲ್ಕು ಹಂತ, ಎದುರಿಗೆ ತಾರೀಕು, ಮುಗಿದದ್ದಕ್ಕೆ ಟಿಕ್. ಅಷ್ಟೇ ಸಾಕು.

ಇನ್ನು ಕಟ್ಟದ ಲೆಕ್ಕ. ಅದರ ವಿಷಯ ಕೃಷಿಕರೇ ಹೇಳಲಿ.

ನೀರ್ಚಾಲು ತೋಟ

ಮಾಷ್ಟ್ರೇ, ಹೇಳುತ್ತೇನೆ. ಇದು ನನಗೆ ಬಹಳ ಹತ್ತಿರದ ವಿಷಯ.

"ಇವತ್ತಿಗೆ ಎಷ್ಟಾಗಿರಬೇಕಿತ್ತು" ಎಂದು ಲೆಕ್ಕ ಹಾಕುವಾಗ ಎಲ್ಲರೂ ವರ್ಷವನ್ನು ಹನ್ನೆರಡರಿಂದ ಭಾಗಿಸಿಬಿಡುತ್ತಾರೆ. ಕಟ್ಟಕ್ಕೆ ಅದು ನಡೆಯುವುದಿಲ್ಲ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆ ನಿಂತು ತೋಡಿನ ಹರಿವು ಇಳಿಯುವ ತನಕ ಕಟ್ಟ ಕಟ್ಟುವ ಹಾಗಿಲ್ಲ, ಕಟ್ಟಿದರೆ ಕೊಚ್ಚಿ ಹೋಗುತ್ತದೆ. ಜನವರಿ ದಾಟಿದರೆ ಹಿಡಿಯಲಿಕ್ಕೆ ನೀರೇ ಇರುವುದಿಲ್ಲ. ಕೆಲಸ ಎಲ್ಲ ನವೆಂಬರ್ ಕೊನೆಯಿಂದ ಡಿಸೆಂಬರ್ ಒಳಗೆ. ಅಂದ ಮೇಲೆ ಏಪ್ರಿಲ್‌ನಿಂದ ಮಾರ್ಚ್‌ಗೆ ಓರೆಯಾಗಿ ಏರುವ ನೇರ ಗೆರೆಯನ್ನು ಗುರಿಯೆಂದು ಎಳೆದರೆ, ಅಕ್ಟೋಬರಿನಲ್ಲಿ ಪರದೆ ಕೆಂಪಾಗಿ "ನೀವು ಹಿಂದೆ ಬಿದ್ದಿದ್ದೀರಿ" ಎನ್ನುತ್ತದೆ. ಆಗ ನಾವು ಏನೂ ಹಿಂದೆ ಬಿದ್ದಿರುವುದಿಲ್ಲ. ಡಿಸೆಂಬರ್ ಎರಡನೇ ವಾರಕ್ಕೆ ಅದೇ ಪರದೆ ಹಸಿರು ತೋರಿಸಬಹುದು, ನಿಜಕ್ಕೂ ಗಾಬರಿಯಾಗಬೇಕಾದ್ದು ಆಗ.

ಗುರಿಯ ಗೆರೆ ನವೆಂಬರ್‌ವರೆಗೆ ನೆಲಕ್ಕೆ ಅಂಟಿಕೊಂಡು ಹೋಗಬೇಕು, ಡಿಸೆಂಬರಿನಲ್ಲಿ ಕಡಿದಾಗಿ ಏರಬೇಕು, ಆಮೇಲೆ ಮಟ್ಟಸವಾಗಿ ಓಡಬೇಕು. ತೋಡಿನ ಸ್ವಭಾವ ಇರುವುದೇ ಹಾಗೆ. ಚಾರ್ಟ್ ಅದನ್ನು ಒಪ್ಪಿಕೊಳ್ಳಬೇಕು.

ಪೆರ್ಲದ ಕಾರ್ಯದರ್ಶಿ

ಈ ಒಂದು ಮಾತಿಗೇ ಧನ್ಯವಾದ ಹೇಳಬೇಕು ಅಣ್ಣ. ಆದರೆ ಆ ಗೆರೆಯ ಆಕಾರ ಎಲ್ಲಿಂದ ತರುವುದು? ಊಹೆಯಿಂದ ಬರೆದರೆ ಸಮಿತಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಕುಂಬಳೆ ಡೇಟಾ

ಹಿಂದಿನ ವರ್ಷಗಳ ಹಾಜರಿ ಪುಸ್ತಕ ಅಥವಾ ಕೂಲಿ ವೋಚರ್ ಇದ್ದರೆ ಅದರಲ್ಲೇ ಉಂಟು. ಯಾವ ವಾರದಲ್ಲಿ ಎಷ್ಟು ಕಟ್ಟ ಮುಗಿದಿತ್ತು ಎಂದು ಎಣಿಸಿ, ಒಟ್ಟಿನಲ್ಲಿ ಅದು ಎಷ್ಟು ಪಾಲು ಎಂದು ತೆಗೆಯಿರಿ. ಆ ಪಾಲನ್ನು ಈ ವರ್ಷದ ಗುರಿಗೆ ಗುಣಿಸಿದರೆ ನಿಮ್ಮ ಗೆರೆ ಸಿಕ್ಕಿತು. ದಾಖಲೆ ಇಲ್ಲದಿದ್ದರೆ ಸಮಿತಿ ಒಟ್ಟಿಗೆ ಕುಳಿತು ಮೂರು ತಾರೀಕು ಮಾತ್ರ ಒಪ್ಪಿಕೊಳ್ಳಲಿ: ಯಾವಾಗ ಶುರು, ಯಾವಾಗ ಅರ್ಧ, ಯಾವಾಗ ಪೂರ್ತಿ. ಆ ಮೂರು ಬಿಂದು ಸೇರಿಸಿದರೂ ಹನ್ನೆರಡರಿಂದ ಭಾಗಿಸಿದ್ದಕ್ಕಿಂತ ಎಷ್ಟೋ ವಾಸಿ. ಉಳಿತಾಯ ನಿಧಿಗೂ ಇದನ್ನೇ ಮಾಡಿ. ಅಡಿಕೆ ಮಾರಿದ ದುಡ್ಡು ಬರುವ ತಿಂಗಳಲ್ಲಿ ಏರುವ ನಿಧಿಯನ್ನು ಮಳೆಗಾಲದ ಜುಲೈ ತಿಂಗಳಿಗೆ ಹೋಲಿಸಬಾರದು.

ಇಂಥ ಕೂಡುವ ಗುರಿಗಳಿಗೆ ನನ್ನ ಆಯ್ಕೆ ಸಂಚಿತ ಮೊತ್ತದ ಗೆರೆ ಚಾರ್ಟ್. ಗುರಿಯ ದಾರಿ ತೆಳುವಾದ ತುಂಡು ಗೆರೆ, ನಡೆದ ದಾರಿ ದಪ್ಪ ಗೆರೆ. ಎರಡರ ನಡುವಿನ ಅಂತರವೇ ಸುದ್ದಿ. ಅಂತರ ಕಿರಿದಾಗುತ್ತಾ ಇದೆಯೋ ಅಗಲವಾಗುತ್ತಾ ಇದೆಯೋ ಎಂಬುದು ಬುಲೆಟ್ ಗ್ರಾಫ್‌ನಲ್ಲೂ ಕಾಣುವುದಿಲ್ಲ, ಗೆರೆಯಲ್ಲಿ ಮಾತ್ರ ಕಾಣುತ್ತದೆ.

ಮುಳ್ಳೇರಿಯ ಅಕ್ಕ

ನಾನು ಕುಟುಂಬಶ್ರೀ ಅಯಲ್‌ಕೂಟಗಳ (ಕೇರಳದ ನೆರೆಹೊರೆಯ ಹೆಂಗಸರ ಸಂಘಗಳ) ಲೆಕ್ಕ ನೋಡುವವಳು. ಇಲ್ಲಿ ಸ್ವಲ್ಪ ಬೇರೆ ಅಭಿಪ್ರಾಯ ಹೇಳಬೇಕು, ಬೇಸರ ಮಾಡಬೇಡಿ.

ಗೇಜ್ ಬೇಡ ಎನ್ನುವುದಕ್ಕೆ ನಿಮ್ಮ ಕಾರಣಗಳನ್ನು ಒಪ್ಪುತ್ತೇನೆ. ಆದರೆ ಸಮಿತಿಯವರಿಗೆ ಅದು ಹಿಡಿಸಿದ್ದಕ್ಕೂ ಕಾರಣ ಉಂಟು. ಮೀಟರ್ ಓದಲು ಯಾರಿಗೂ ಕಲಿಸಬೇಕಾಗಿಲ್ಲ. ಬುಲೆಟ್ ಗ್ರಾಫ್ ಮೊದಲ ಸಲ ನೋಡುವವರಿಗೆ ಆ ಮೂರು ಛಾಯೆ ಏನೆಂದು ಗೊತ್ತಾಗುವುದಿಲ್ಲ. ಗಾಢ ಬಣ್ಣ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುತ್ತಾರೆ. ಕೇಳುವವರು ಕೇಳಿಯಾರು, ಕೇಳಲು ಸಂಕೋಚಪಡುವವರು ಸುಮ್ಮನೆ ಕೂರುತ್ತಾರೆ. ಹಾಗೆ ಸುಮ್ಮನೆ ಕೂರುವ ಹೆಂಗಸರ ದುಡ್ಡೇ ಆ ನಿಧಿಯಲ್ಲಿ ಇರುವುದು. ಲೆಕ್ಕ ಅವರಿಗೆ ಅರ್ಥವಾಗದಿದ್ದರೆ ಟಿವಿಯಲ್ಲಿ ಹಾಕಿ ಏನು ಪ್ರಯೋಜನ?

ನಾನು ಹೇಳುವುದು ಇಷ್ಟು: ಛಾಯೆಗಳನ್ನು ತೆಗೆಯಿರಿ. ಒಂದೇ ಪಟ್ಟಿ, ಅದರ ಮೇಲೆ "ಇವತ್ತಿಗೆ ಇಲ್ಲಿರಬೇಕು" ಎಂಬ ಒಂದು ಲಂಬ ಗೆರೆ, ಪಟ್ಟಿಯ ತುದಿಯಲ್ಲಿ ಸಂಖ್ಯೆ. ಮತ್ತೆ ಪ್ರತಿ ಚಾರ್ಟಿನ ತಲೆಯ ಮೇಲೆ "ಉಳಿತಾಯ" ಎಂದು ಬರೆಯುವ ಬದಲು ಒಂದು ಪೂರ್ತಿ ವಾಕ್ಯ ಬರೆಯಿರಿ: "ಉಳಿತಾಯ ನಿಧಿ ಡಿಸೆಂಬರಿನ ಗುರಿಗಿಂತ ಸ್ವಲ್ಪ ಹಿಂದೆ ಉಂಟು". ಓದಿದವರಿಗೆ ಅರ್ಥವಾಯಿತು. ಚಾರ್ಟ್ ಅದಕ್ಕೆ ಸಾಕ್ಷಿ ಹೇಳಿದರೆ ಸಾಕು.

ಕುಂಬಳೆ ಡೇಟಾ

ಅಕ್ಕ, ನಿಮ್ಮ ಮಾತಿಗೆ ಎದುರಿಲ್ಲ. ಛಾಯೆ ತೆಗೆದ ಬುಲೆಟ್ ಈ ಕಚೇರಿಗೆ ಹೆಚ್ಚು ಹೊಂದುತ್ತದೆ. ವಾಕ್ಯದ ತಲೆಬರಹ ಮಾತ್ರ ಪ್ರತಿ ತಿಂಗಳು ಬದಲಾಗಬೇಕು, ಕೈಯಿಂದ ಬರೆಯಲು ಬಿಟ್ಟರೆ ಒಂದು ತಿಂಗಳು ಮರೆತುಹೋಗುತ್ತದೆ. ಶೀಟ್ಸ್‌ನಲ್ಲಿ ಇಫ್ ಫಂಕ್ಷನ್ ಬಳಸಿ "ಮುಂದೆ", "ಸರಿಸಮ", "ಹಿಂದೆ" ಎಂದು ತಾನಾಗಿ ಬರುವ ಹಾಗೆ ಮಾಡಬಹುದು.

ಹೊಸಂಗಡಿ ಡಿಟಿಪಿ

ಟಿವಿ ಕಚೇರಿಯಲ್ಲಿ. ಕಚೇರಿಗೆ ಬಾರದವರಿಗೆ? ಅವರಿಗೆ ಸಿಗುವುದು ನೋಟೀಸ್ ಬೋರ್ಡಿನಲ್ಲಿ ಅಂಟಿಸಿದ ಜೆರಾಕ್ಸ್. ಕೆಂಪು-ಹಸಿರು ಎರಡೂ ಜೆರಾಕ್ಸ್‌ನಲ್ಲಿ ಒಂದೇ ಬೂದಿ ಬಣ್ಣ. ಕೆಂಪು-ಹಸಿರು ಬೇರೆ ಬೇರೆಯಾಗಿ ಕಾಣದವರೂ ಇದ್ದಾರೆ, ಗಂಡಸರಲ್ಲಿ ಇದು ಹೆಂಗಸರಿಗಿಂತ ಹೆಚ್ಚು. ಹಿಂದೆ ಬಿದ್ದದ್ದನ್ನು ಬಣ್ಣದಿಂದ ಮಾತ್ರ ಹೇಳಬೇಡಿ, ಒಂದು ಗುರುತು ಅಥವಾ ಪದವೂ ಇರಲಿ. ಪ್ರಿಂಟ್ ಕೊಡುವ ಮೊದಲು ಒಂದು ಕಪ್ಪು-ಬಿಳುಪು ಪ್ರತಿ ತೆಗೆದು ಆರಡಿ ದೂರದಿಂದ ಓದಿ ನೋಡಿ. ಬಣ್ಣ ಬೇಕೇ ಬೇಕು ಎಂದಾದರೆ ನೀಲಿ ಮತ್ತು ಕಿತ್ತಳೆ ಒಳ್ಳೆಯ ಜೋಡಿ.

ಬದಿಯಡ್ಕದ ಗಣಿತ ಮಾಷ್ಟ್ರು

ಬೋರ್ಡೋ ಬಗ್ಗೆ ಬರೆಯುತ್ತೇನೆ ಎಂದು ಇದ್ದೆ. ಮಳೆಗೆ ಮೊದಲು ಒಂದು ಸಲ, ಆಮೇಲೆ 40–45 ದಿನ ಬಿಟ್ಟು ಇನ್ನೊಂದು ಸಲ ಬಿಡುವುದು ಕೊಳೆರೋಗ ತಡೆಯಲು ಎಲ್ಲರಿಗೂ ತಿಳಿದ ಕ್ರಮ. "ಶೇಕಡಾ 80 ತೋಟಕ್ಕೆ ಆಯಿತು" ಎಂದು ಪಟ್ಟಿ ಹಾಕಿದರೆ ಸಮಿತಿಗೆ ಸಂತೋಷವಾಗಬಹುದು. ಆದರೆ ಕೊಳೆ ಬರುವುದು ಉಳಿದ ಇಪ್ಪತ್ತರಲ್ಲಿ, ಅಲ್ಲಿಂದ ಪಕ್ಕದ ತೋಟಕ್ಕೂ ಹರಡುತ್ತದೆ. ಇಲ್ಲಿ ಬೇಕಾದ್ದು ಒಟ್ಟು ಎಷ್ಟು ಎಂಬುದಲ್ಲ, ಯಾರದ್ದು ಬಾಕಿ ಎಂಬುದು.

ಅದಕ್ಕೆ ಚೌಕಳಿ ಹಾಕಿ. ಸಾಲಿಗೊಂದು ತೋಟ, ಕಾಲಂ ಎರಡು: ಮೊದಲ ಮದ್ದು, ಎರಡನೇ ಮದ್ದು. ಆದದ್ದಕ್ಕೆ ಚೌಕ ತುಂಬಿಸಿ, ಒಳಗೆ ತಾರೀಕು ಬರೆಯಿರಿ. ಆಗದ್ದು ಖಾಲಿ. ಎರಡನೆಯ ಕಾಲಂನಲ್ಲಿ ಮೊದಲ ತಾರೀಕಿಗೆ 45 ದಿನ ಕೂಡಿಸಿ ಕೊನೆಯ ದಿನ ತಾನಾಗಿ ಬರುವಂತೆ ಮಾಡಿ. ಜುಲೈಯಲ್ಲಿ ಎರಡು ದಿನ ಮಳೆ ಬಿಟ್ಟು ಹೊಳವು ಸಿಕ್ಕಿತೆಂದರೆ ಯಾರ ತೋಟಕ್ಕೆ ಮೊದಲು ಹೋಗಬೇಕೆಂದು ಆ ಚೌಕಳಿಯೇ ಹೇಳುತ್ತದೆ. ಗುರಿಯ ಪರದೆಯಿಂದ ಕೆಲಸ ಹೊರಡಬೇಕೆಂದರೆ ಹೀಗೆ ಇರಬೇಕು ಎಂದು ನನ್ನ ಅನಿಸಿಕೆ.

ಮಂಜೇಶ್ವರ ಹಾಲು

ನಾನು ಹಾಲಿನ ಸೊಸೈಟಿಯಲ್ಲಿ ಟೆಸ್ಟಿಂಗ್ ಮಾಡುವವ. ಇಲ್ಲಿ ಯಾರೂ ಹೇಳದ ಇನ್ನೊಂದು ಜಾತಿಯ ಗುರಿ ಉಂಟು: ಕಾಯ್ದುಕೊಳ್ಳುವ ಗುರಿ. ಹಸುವಿನ ಹಾಲಿಗೆ ಆಹಾರ ಸುರಕ್ಷತಾ ಪ್ರಾಧಿಕಾರ ಇಟ್ಟ ಕನಿಷ್ಠ ಮಟ್ಟ ಕೊಬ್ಬು ಶೇ. 3.2, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಶೇ. 8.3. ಇದನ್ನು "ಮುಟ್ಟಿ ಮುಗಿಸುವುದು" ಎಂದಿಲ್ಲ, ದಿನಾ ಉಳಿಸಿಕೊಳ್ಳಬೇಕು. ಪ್ರೋಗ್ರೆಸ್ ಬಾರ್ ಹಾಕಿದರೆ ಯಾವಾಗಲೂ ತುಂಬಿಯೇ ಇರುತ್ತದೆ, ಏನೂ ಕಲಿಸುವುದಿಲ್ಲ.

ನಾವು ಹಾಕುವುದು ದಿನದಿನದ ಗೆರೆ, ಕೆಳಗೆ ಕನಿಷ್ಠ ಮಟ್ಟದ ಒಂದು ಅಡ್ಡ ಗೆರೆ. 1924ರಲ್ಲಿ ವಾಲ್ಟರ್ ಶೂಹಾರ್ಟ್ ಕಾರ್ಖಾನೆಯ ಗುಣಮಟ್ಟಕ್ಕೆಂದು ಮಾಡಿದ ಕಂಟ್ರೋಲ್ ಚಾರ್ಟ್ ಇದೇ ದಾರಿಯದು. ದಿನಾ ಸ್ವಲ್ಪ ಏರಿಳಿತ ಸಹಜ, ಅದಕ್ಕೆಲ್ಲ ಓಡಬೇಕಾಗಿಲ್ಲ. ಒಂದೇ ಕಡೆಗೆ ಸತತ ಜಾರುತ್ತಿದ್ದರೆ ಮಾತ್ರ ಎಚ್ಚರ. ಇಲ್ಲಿ ಅಕ್ಷ ಸೊನ್ನೆಯಿಂದ ಶುರುವಾಗಬೇಕಾಗಿಲ್ಲ, ಎಸ್‌ಎನ್‌ಎಫ್‌ಗೆ 8ರಿಂದ 9ರ ತನಕ ಇದ್ದರೆ ಏರಿಳಿತ ಕಾಣುತ್ತದೆ. ಪಟ್ಟಿ ಚಾರ್ಟಿಗೆ ಮಾತ್ರ ಸೊನ್ನೆ ಬೇಕೇ ಬೇಕು, ಅಲ್ಲಿ ಉದ್ದವೇ ಲೆಕ್ಕ.

ನೀರ್ಚಾಲು ತೋಟ

ಹಾಲಿನವರ ಮಾತು ಓದಿ ಮನಸ್ಸಿನಲ್ಲಿದ್ದದ್ದು ಹೇಳಲೇಬೇಕು ಅನಿಸಿತು. ಕಟ್ಟ ಎಷ್ಟು ಕಟ್ಟಿದೆವು ಎಂಬುದು ನಿಜವಾದ ಗುರಿ ಅಲ್ಲ. ಕಟ್ಟ ಕಟ್ಟುವುದು ಏಪ್ರಿಲ್‌ನಲ್ಲಿ ಬಾವಿಯಲ್ಲಿ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದಲ್ಲಿ ನೀರಿರಲಿ ಎಂದು. ಸಂಖ್ಯೆ ಮಾತ್ರ ತೋರಿಸುತ್ತಾ ಹೋದರೆ ಸಣ್ಣ ಸಣ್ಣ ಕಟ್ಟ ಹೆಚ್ಚು ಕಟ್ಟಿ ಗುರಿ ದಾಟಿಸಿಬಿಡಬಹುದು, ಸೋರುವ ಕಟ್ಟವೂ ಒಂದೇ ಲೆಕ್ಕ, ಜನವರಿಯಲ್ಲಿ ಒಡೆದದ್ದೂ ಒಂದೇ ಲೆಕ್ಕ.

ತೋಡಿನ ಅಕ್ಕಪಕ್ಕದ ಕೆಲವು ಬಾವಿಗಳನ್ನು ಆರಿಸಿ, ವಾರಕ್ಕೊಮ್ಮೆ ನೆಲಮಟ್ಟದಿಂದ ನೀರಿನವರೆಗಿನ ಆಳ ಅಳೆಯಿರಿ. ಈ ವರ್ಷದ್ದು ದಪ್ಪ ಗೆರೆ, ಕಳೆದ ವರ್ಷದ್ದು ತೆಳು ಗೆರೆ. ಒಂದು ಎಚ್ಚರ: ಆಳ ಹೆಚ್ಚಾದಷ್ಟೂ ನೀರು ಕೆಳಗೆ. ಹಾಗೇ ಚಾರ್ಟ್ ಹಾಕಿದರೆ ನೀರು ಇಳಿಯುವಾಗ ಗೆರೆ ಏರುತ್ತದೆ, ನೋಡುವವರು ಹಿಗ್ಗುತ್ತಾರೆ. ಅಂತರ್ಜಲದ ಚಾರ್ಟುಗಳಲ್ಲಿ ಸಾಮಾನ್ಯವಾಗಿ ಮಾಡುವಂತೆ ಅಕ್ಷವನ್ನು ತಲೆಕೆಳಗು ಮಾಡಿ, ಸೊನ್ನೆ ಮೇಲೆ ಇರಲಿ. ಬಾವಿ ನೋಡಿದ ಹಾಗೆಯೇ ಚಾರ್ಟ್ ಕಾಣಬೇಕು.

ಕಟ್ಟದ ಸಂಖ್ಯೆಯನ್ನು ತೆಗೆಯಬೇಕೆಂದು ಹೇಳುತ್ತಿಲ್ಲ. ಡಿಸೆಂಬರಿನಲ್ಲಿ ಕೆಲಸ ಓಡಿಸಲು ಅದು ಬೇಕು. ಆದರೆ ಎರಡೂ ಅಕ್ಕಪಕ್ಕ ಇರಲಿ. ಮಳೆಯೂ ಒಂದು ಕಾರಣವಾದ್ದರಿಂದ ಬಾವಿಯ ನೀರಿಗೆಲ್ಲ ಕಟ್ಟವೇ ಕಾರಣ ಎಂದು ಹೇಳಿಕೊಳ್ಳಬಾರದು. ಆ ವರ್ಷದ ತುಲಾ ಮಳೆ ಎಷ್ಟು ಬಿತ್ತು ಎಂದು ಕೆಳಗೆ ಒಂದು ಸಾಲು ಬರೆದುಬಿಡಿ.

ಪೆರ್ಲದ ಕಾರ್ಯದರ್ಶಿ

ಇದನ್ನು ಸಮಿತಿಯ ಮುಂದೆ ಇದ್ದ ಹಾಗೇ ಓದಿ ಹೇಳುತ್ತೇನೆ. ಇನ್ನೆರಡು ಸಂಶಯ. ಒಂದು, ನಡುವೆ ಗುರಿಯೇ ಬದಲಾದರೆ? ಆಚೆ ದಡದ ಕೆಲವು ತೋಟದವರು ಡಿಸೆಂಬರಿನಲ್ಲಿ ಬಂದು ನಮ್ಮ ಕಡೆಗೂ ಕಟ್ಟ ಬೇಕು ಎಂದರು, ಒಪ್ಪಿದೆವು. ಶೇಕಡಾ ಲೆಕ್ಕ ಒಮ್ಮೆಲೇ ಇಳಿಯಿತು. ಕೆಲಸ ಮಾಡಿದವರಿಗೆ ಅದು ನ್ಯಾಯ ಅನಿಸಲಿಲ್ಲ. ಎರಡು, ಸಾಲದ ಬಾಕಿಗೆ ಏನು ಮಾಡಲಿ?

ಕುಂಬಳೆ ಡೇಟಾ

ಮೊದಲನೆಯದಕ್ಕೆ ಸಾಫ್ಟ್‌ವೇರಿನವರು ಬಳಸುವ ಬರ್ನ್-ಅಪ್ ಚಾರ್ಟ್. ಒಟ್ಟು ಕೆಲಸಕ್ಕೆ ಒಂದು ಗೆರೆ, ಮುಗಿದ ಕೆಲಸಕ್ಕೆ ಇನ್ನೊಂದು. ಗುರಿ ಹೆಚ್ಚಿದ ದಿನ ಮೇಲಿನ ಗೆರೆ ಮೆಟ್ಟಿಲಿನಂತೆ ಏರುತ್ತದೆ, ಕೆಳಗಿನ ಗೆರೆ ತನ್ನ ಪಾಡಿಗೆ ಏರುತ್ತಲೇ ಇರುತ್ತದೆ. ದುಡಿದವರ ದುಡಿಮೆ ಅಳಿಸಿಹೋಗುವುದಿಲ್ಲ. ಮೆಟ್ಟಿಲಿನ ಪಕ್ಕದಲ್ಲೇ "ಆಚೆ ದಡ ಸೇರಿತು" ಎಂದು ಬರೆಯಿರಿ. ಉಳಿದ ಕೆಲಸವನ್ನು ಮಾತ್ರ ತೋರಿಸುವ ಬರ್ನ್-ಡೌನ್ ಬೇಡ. ಅದರಲ್ಲಿ ಕೆಲಸ ನಿಧಾನವಾದದ್ದೋ ಗುರಿ ಹೆಚ್ಚಿದ್ದೋ ತಿಳಿಯುವುದಿಲ್ಲ.

ಬಾಕಿಗೆ ವಾಟರ್‌ಫಾಲ್ ಚಾರ್ಟ್ ಹಾಕಿ. ಎಡಕ್ಕೆ ತಿಂಗಳ ಮೊದಲಿನ ಬಾಕಿ, ಅದರ ಮೇಲೆ ಹೊಸದಾಗಿ ಸೇರಿದ್ದು, ಆಮೇಲೆ ವಸೂಲಾದದ್ದು ಇಳಿಕೆಯಾಗಿ, ಬಲಕ್ಕೆ ತಿಂಗಳ ಕೊನೆಯ ಬಾಕಿ. ಒಟ್ಟು ಬಾಕಿ ಇಳಿಯದೆ ಇದ್ದರೂ ವಸೂಲಿ ಚೆನ್ನಾಗಿ ಆಗಿರಬಹುದು. ಹಾಗಾದರೆ ತೊಂದರೆ ಹೊಸ ಕಂತುಗಳಲ್ಲಿ. ಒಂದೇ ಪಟ್ಟಿ ಹಾಕಿದರೆ ಈ ಎರಡು ಬೆರೆತು ಹೋಗುತ್ತವೆ. ಗೂಗಲ್ ಶೀಟ್ಸ್‌ನಲ್ಲಿ ಇದು ಸಿದ್ಧವಾಗಿಯೇ ಉಂಟು.

ಬುಲೆಟ್ ಚಾರ್ಟ್ ಶೀಟ್ಸ್‌ನ ಪಟ್ಟಿಯಲ್ಲಿ ಇಲ್ಲ, ಗೂಗಲ್‌ನದ್ದೇ ಡ್ಯಾಶ್‌ಬೋರ್ಡ್ ಸಾಧನವಾದ ಲುಕರ್ ಸ್ಟುಡಿಯೋದಲ್ಲಿ ಇದೆ, ಅದಕ್ಕೆ ನಿಮ್ಮ ಶೀಟನ್ನೇ ಜೋಡಿಸಬಹುದು. ಅಷ್ಟು ದೂರ ಹೋಗುವುದು ಬೇಡ ಎಂದಾದರೆ ಸೆಲ್ಲಿನೊಳಗೇ ಸಣ್ಣ ಚಾರ್ಟ್ ಬರೆಯುವ ಸ್ಪಾರ್ಕ್‌ಲೈನ್ ಫಂಕ್ಷನ್‌ನಲ್ಲಿ ಬಾರ್ ಬಗೆ ಆರಿಸಿ, ಒಂದೇ ಗರಿಷ್ಠ ಮೌಲ್ಯ ಕೊಟ್ಟು ಎರಡು ಸೆಲ್ ಮಾಡಿ: ಮೇಲಿನದು ಆದದ್ದು, ಕೆಳಗಿನದು ಇವತ್ತಿಗೆ ಆಗಬೇಕಾದ್ದು. ಅಕ್ಕ ಹೇಳಿದ ಲಂಬ ಗೆರೆಯ ಕೆಲಸವನ್ನು ಎರಡನೆಯ ಪಟ್ಟಿ ಮಾಡುತ್ತದೆ. ಸಂಚಿತ ಗೆರೆ ಹಾಕುವಾಗ ಮುಂದಿನ ತಿಂಗಳುಗಳಿಗೆ ಸೂತ್ರ ಎಳೆದಿಟ್ಟರೆ ಗೆರೆ ಮಟ್ಟಸವಾಗಿ ಮಾರ್ಚ್‌ವರೆಗೂ ಓಡಿ, ಕೆಲಸ ನಿಂತೇಹೋದ ಹಾಗೆ ಕಾಣುತ್ತದೆ. ಇನ್ನೂ ಬಾರದ ತಿಂಗಳಿಗೆ ಎನ್‌ಎ (NA) ಫಂಕ್ಷನ್ ಹಾಕಿ, ಗೆರೆ ಇವತ್ತಿಗೇ ನಿಲ್ಲುತ್ತದೆ.

ಮುಳ್ಳೇರಿಯ ಅಕ್ಕ

ಬಾಕಿಯ ಚಾರ್ಟಿನಲ್ಲಿ ಸದಸ್ಯರ ಹೆಸರು ಬರುವುದು ಬೇಡ. ಬೋರ್ಡೋ ಚೌಕಳಿಯಲ್ಲಿ ಹೆಸರಿದ್ದರೆ ಯಾರಾದರೂ ಸಹಾಯಕ್ಕೆ ಹೋಗುತ್ತಾರೆ. ಸಾಲದ ಪಟ್ಟಿಯಲ್ಲಿ ಹೆಸರಿದ್ದರೆ ಆ ಮನೆಯವರು ಮೀಟಿಂಗಿಗೇ ಬರುವುದಿಲ್ಲ.

ಪೆರ್ಲದ ಕಾರ್ಯದರ್ಶಿ

ಖಂಡಿತ ಅಕ್ಕ. ಬಾಕಿ ಒಟ್ಟು ಮೊತ್ತ ಮಾತ್ರ, ಹೆಸರಿನ ಪಟ್ಟಿ ನನ್ನ ಮತ್ತು ಖಜಾಂಚಿಯ ಹತ್ತಿರ ಇರುತ್ತದೆ.

ಈಗ ನಿರ್ಧರಿಸಿದ್ದು: ಉಳಿತಾಯಕ್ಕೆ ಜೋಡಿ ಪಟ್ಟಿ ಮತ್ತು ಸಂಚಿತ ಗೆರೆ, ಕಟ್ಟಕ್ಕೆ ಬರ್ನ್-ಅಪ್, ಅದರ ಪಕ್ಕ ಬಾವಿಯ ನೀರು. ಬೋರ್ಡೋಗೆ ಚೌಕಳಿ, ಮೇ ತಿಂಗಳಿಂದ ಆಗಸ್ಟ್‌ವರೆಗೆ ಮಾತ್ರ ಪರದೆಯಲ್ಲಿ. ಬಾಕಿಗೆ ವಾಟರ್‌ಫಾಲ್. ಸ್ಪ್ರೇಯರಿಗೆ ನಾಲ್ಕು ಟಿಕ್. ಒಂದು ಗೇಜ್ ಆದರೂ ಇರಲಿ ಎಂದು ಅಧ್ಯಕ್ಷರು ಕೇಳಬಹುದು, ಈ ಚರ್ಚೆಯನ್ನೇ ಅವರಿಗೆ ತೋರಿಸುತ್ತೇನೆ.

ಹೊಸಂಗಡಿ ಡಿಟಿಪಿ

ಮೂಲೆಯಲ್ಲಿ "ಈ ತಾರೀಕಿನವರೆಗಿನ ಲೆಕ್ಕ" ಎಂದು ದೊಡ್ಡದಾಗಿ ಹಾಕಿ. ಟಿವಿ ದಿನವಿಡೀ ಓಡುವುದರಿಂದ ಹಳೆಯ ಲೆಕ್ಕವನ್ನೂ ಜನ ಇವತ್ತಿನದೆಂದು ನಂಬುತ್ತಾರೆ.

ನೀರ್ಚಾಲು ತೋಟ

ಬಾವಿ ಅಳೆಯುವ ಟೇಪಿಗೆ ತುದಿಯಲ್ಲಿ ಸಣ್ಣ ಭಾರ ಕಟ್ಟಿ, ಯಾವಾಗಲೂ ಬೆಳಿಗ್ಗೆ ಪಂಪು ಹಾಕುವ ಮೊದಲೇ ಅಳೆಯಲು ಹೇಳಿ. ಪಂಪು ಓಡಿದ ಮೇಲೆ ಅಳೆದದ್ದು ಒಂದು ವಾರ, ಮೊದಲು ಅಳೆದದ್ದು ಇನ್ನೊಂದು ವಾರ ಎಂದಾದರೆ ಗೆರೆಯ ಏರಿಳಿತಕ್ಕೆ ಅರ್ಥ ಇರುವುದಿಲ್ಲ. ಬೇಕಾದರೆ ಮೊದಲ ವಾರ ನಾನೇ ಬಂದು ತೋರಿಸಿಕೊಡುತ್ತೇನೆ.